ಅರಿಶಿನ ಹೋದ ದಾರಿ

ಬಿಳಿ ಬಟ್ಟೆಯ ಮೇಲೆ ವಾಜಿದಾಳಿಗೆ ಸಿಟ್ಟು ಬಂದದ್ದು ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು. ಹಿತ್ತಲಲ್ಲಿ ಮೂರು ಸಾಲು ಹಗ್ಗ. ಹಗ್ಗದ ಮೇಲೆ ಮದುವೆಮನೆಯಿಂದ ಬಂದು, ಹಳ್ಳದಲ್ಲಿ ಒಗೆಸಿಕೊಂಡು, ಒಣಗಲು ತೂಗಿದ ನಲವತ್ತು ಮೇಜಿನ ಬಟ್ಟೆಗಳು. ಒಂದೊಂದರ ಅಂಚಿನಿಂದ ಗೇಣು ಒಳಗೆ, ಯಾರೋ ಕಾಡಿಗೆ ಬೆರಳು ಎಳೆದ ಹಾಗೆ ಒಂದು ಕಪ್ಪು ಗೆರೆ. ಸೋಡಾ ಹಾಕಿ ಕುದಿಸಿದಳು. ನಿಂಬೆಹಣ್ಣು ಉಜ್ಜಿದಳು. ಗೆರೆ ಸಣ್ಣದಾಯಿತೇ ಹೊರತು ಹೋಗಲಿಲ್ಲ. ಮೂಗಿನ ಹತ್ತಿರ ಹಿಡಿದು ನೋಡಿದಳು. ಪರಿಚಯದ ವಾಸನೆ. ಯಾವುದೆಂದು ಒಪ್ಪಿಕೊಳ್ಳಲು ಆ ಗಳಿಗೆಗೆ ಮನಸ್ಸಾಗಲಿಲ್ಲ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ಹೊಂಗನಕಟ್ಟೆ ಅಷ್ಟೇನೂ ದೊಡ್ಡ ಊರಲ್ಲ. ಒಂದು ಸಂತೆಮಾಳ, ಒಂದು ಪಂಚಾಯಿತಿ ಕಚೇರಿ, ರಸ್ತೆಯ ಪಕ್ಕ ಲಾರಿ ರಿಪೇರಿಯ ಏಳು ಶೆಡ್ಡುಗಳು. ಕೇರಳಕ್ಕೆ ತರಕಾರಿ ಹೊತ್ತು ಹೋಗುವ ಲಾರಿಗಳು ಘಟ್ಟ ಇಳಿಯುವ ಮೊದಲು ಅಲ್ಲೊಮ್ಮೆ ಕೆಮ್ಮಿ, ಮೈ ನೋಡಿಸಿಕೊಂಡು ಮುಂದೆ ಹೋಗುತ್ತಿದ್ದವು. ಸಾಲಿನ ಮೊದಲ ಶೆಡ್ಡು ವಾಜಿದಾಳ ಗಂಡ ಹಬೀಬುಲ್ಲಾನದು. ಅವನ ಅಪ್ಪನ ಕಾಲದ್ದು.

ಆ ಮನೆಗೆ ಮದುವೆಯಾಗಿ ಬಂದ ಮೇಲೆ ವಾಜಿದಾ ಮುಟ್ಟಿದ್ದೆಲ್ಲ ಗ್ರೀಸು. ಬಾಗಿಲ ಚಿಲಕಕ್ಕೆ ಗ್ರೀಸು, ದಿಂಬಿಗೆ ಗ್ರೀಸು, ಟೀ ಲೋಟದ ಕಿವಿಗೆ ಗ್ರೀಸು. ಗಂಡ ಒಳ್ಳೆಯವನೇ. ಆದರೆ ಅವನ ಉಗುರಿನ ಸಂದಿಯ ಕಪ್ಪು ಈದ್ ದಿನವೂ ಹೋಗುತ್ತಿರಲಿಲ್ಲ. ಮೂವತ್ತು ದಾಟಿದ ಮೇಲೆ ಒಂದು ದಿನ ಅವಳಿಗೆ, ಈ ಮನೆಯಲ್ಲಿ ಏನಾದರೂ ಒಂದು ಬಿಳಿಯಾಗಿರಬೇಕು ಅನ್ನಿಸಿತು. ಬಳೆ ಮಾರಿ ಒಂದು ಶಾಮಿಯಾನ, ಐವತ್ತು ಕುರ್ಚಿ, ಒಂದು ಥಾನು ಬಿಳಿ ಬಟ್ಟೆ ತಂದಳು. ಶಾಮಿಯಾನ ಬಾಡಿಗೆಗೆ ಕೊಡುವವರು ಆ ಸುತ್ತಿನಲ್ಲಿ ಇನ್ನಿಬ್ಬರಿದ್ದರು. ಬಟ್ಟೆ ಮಾತ್ರ ಇವಳದೇ ಬೇಕು. ಹರವೆಯವರು, ಕುದೇರಿನವರು ಮದುವೆ ನಿಶ್ಚಯವಾದರೆ ಮೊದಲು ಕೇಳುತ್ತಿದ್ದದ್ದು, "ಬೂಬಮ್ಮನ ಬಿಳಿ ಬಟ್ಟೆ ಸಿಕ್ತದಾ?" ಎಂದು.

ಈಗ ಆ ಬಿಳಿಗೇ ಗೆರೆ ಬಿದ್ದಿತ್ತು. ಕಳೆದ ವರ್ಷದಿಂದ ಹೀಗೇ. ಮಳೆ ಬಂದ ಮಾರನೆ ದಿನ ಒಗೆದರೆ ಗೆರೆ. ಮಳೆ ಇಲ್ಲದ ವಾರ ಒಗೆದರೆ ಬಟ್ಟೆ ಹಾಲು. ಯಾಕೆ?

ಈ 'ಯಾಕೆ' ವಾಜಿದಾಳ ಹುಟ್ಟುಗುಣ. ಚಾಮರಾಜನಗರದ ತವರಿನಲ್ಲಿ ಏಳು ವರ್ಷದವಳಿದ್ದಾಗ, ಬಚ್ಚಲಿಗೆ ಬಿದ್ದ ನೇರಳೆ ಬೀಜ ಎಲ್ಲಿಗೆ ಹೋಗುತ್ತದೆಂದು ನೋಡಲು ಮೋರಿಯ ಗುಂಟ ಊರಾಚೆಯ ಕೆರೆಯವರೆಗೂ ನಡೆದುಬಿಟ್ಟಿದ್ದಳು. ಮನೆಗೆ ಬಂದಾಗ ಅಮ್ಮ ಬೆನ್ನಿಗೆ ಎರಡು ಕೊಟ್ಟು, "ಹೆಣ್ಣಾದೋಳು ಕನ್ನಡಿ ಬಗ್ಗಿ ನೋಡಬೇಕು, ಇವಳು ಮೋರಿ ಬಗ್ಗಿ ನೋಡ್ತಾಳೆ" ಎಂದಿದ್ದಳು. ಆ ಬೀಜ ಕೆರೆ ಸೇರಿತ್ತು. ಅದು ವಾಜಿದಾಳಿಗೆ ಇವತ್ತಿಗೂ ನೆನಪಿದೆ, ಪೆಟ್ಟು ಮರೆತುಹೋಗಿದೆ.

ಬಟ್ಟೆಯೊಂದನ್ನು ಹೆಗಲಿಗೆ ಹಾಕಿಕೊಂಡು ಅವಳು ಕಲ್ಲಹಳ್ಳಕ್ಕೆ ಹೋದಳು. ಒಗೆಯುವ ಕಲ್ಲುಗಳ ಮೇಲ್ಗಡೆ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಹೋದ ವರ್ಷ ಎರಡು ಸಾವಿರದ ಆರರಲ್ಲಿ ಪಂಚಾಯಿತಿಯವರು ಕಟ್ಟಿಸಿದ ಕಾಂಕ್ರೀಟ್ ಮೋರಿಯ ಬಾಯಿ ಇತ್ತು. ಊರೊಳಗಿಂದ ಅಲ್ಲಿಯವರೆಗೂ ಅದರ ಮೇಲೆ ಚಪ್ಪಡಿ ಮುಚ್ಚಿತ್ತು. ಬಾಯಿಯ ಕೆಳಗಿನ ಮಡುವಿನಲ್ಲಿ ನೀರಿನ ಮೇಲೊಂದು ಪೊರೆ. ಬಿಸಿಲಿಗೆ ನವಿಲುಗರಿಯ ಬಣ್ಣ.

ಹಳ್ಳದ ದಡದಲ್ಲೇ ಮಂಗಳಗೌರಿಯ ಅರಿಶಿನದ ಹೊಲ. ಹಣೆಯ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ದೊಡ್ಡ ಬಾಯಿ. ಇಬ್ಬರ ಸ್ನೇಹ ಇಪ್ಪತ್ತು ವರ್ಷದ್ದು. ಒಗೆಯುವ ಕಲ್ಲಿನ ಮೇಲೆ ಶುರುವಾದದ್ದು.

"ಏನ್ ವಾಜಿದಾ, ಮೀನ್ ನೋಡಕ್ಕೆ ಬಂದ್ಯಾ?"

"ಮೋರಿ ನೋಡಕ್ಕೆ ಗೌರಕ್ಕ."

"ಆಹಾಹಾ! ಊರ ಹೆಂಗಸ್ರೆಲ್ಲ ಸೀರೆ ಅಂಗಡಿ ನೋಡಕ್ಕೆ ಓಯ್ತರೆ, ನೀನು ಮೋರಿ ನೋಡು."

ವಾಜಿದಾ ಬಟ್ಟೆ ಬಿಚ್ಚಿ ಗೆರೆ ತೋರಿಸಿದಳು. ಗೌರಿ ನಗು ನಿಲ್ಲಿಸಿ, ಗೆರೆಯನ್ನು ಉಗುರಿನಿಂದ ಕೆರೆದು, ಮೂಸಿ ನೋಡಿದಳು.

"ಇದು ನಿಮ್ಮ ಸಾಬ್ರ ಶೆಡ್ಡಿನ ಆಯಿಲ್ ವಾಸ್ನೆ ಅಲ್ವಾ?"

"ಶೆಡ್ ಸಾಲಿನ ನೀರು ಇಲ್ಲಿಗೆಲ್ಲಿ ಬತ್ತದೆ? ಜೊಂಡುತಗ್ಗಿಗೆ ಓಯ್ತದೆ. ನಮ್ಮ ಮಾವ ಅವ್ರೇ ಕಾಲುವೆ ತೋಡ್ಸಿದ್ದು."

ಹೇಳುವಾಗ ತನ್ನ ದನಿ ಬೇಕಾದ್ದಕ್ಕಿಂತ ಜೋರಾಯಿತೆಂದು ವಾಜಿದಾಳಿಗೇ ಗೊತ್ತಾಯಿತು. ಯಾಕೆಂದರೆ ಶೆಡ್ ಸಾಲಿನಲ್ಲೊಂದು ಪದ್ಧತಿ ಇತ್ತು. ಶುಕ್ರವಾರ ನಮಾಜಿಗೆ ಬಾಗಿಲು ಮುಚ್ಚುವ ಮೊದಲು, ಗುರುವಾರ ಸಂಜೆ ಏಳೂ ಶೆಡ್ಡಿನವರು ಅಂಗಳ ಗುಡಿಸಿ, ವಾರವೆಲ್ಲ ಲಾರಿಗಳಿಂದ ಇಳಿಸಿದ ಕರಿ ಎಣ್ಣೆಯನ್ನು ನೆಲಕ್ಕೆ ಚಿಮುಕಿಸುತ್ತಿದ್ದರು. ಧೂಳು ಕೂರುತ್ತದೆ, ಗೆದ್ದಲು ಬರುವುದಿಲ್ಲ, ನೆಲ ಸಾರಿಸಿದ ಹಾಗೆ ಕಾಣುತ್ತದೆ. ಹಬೀಬುಲ್ಲಾನಿಗೆ ಅದು ಶುದ್ಧಿ. ಮನೆಯಲ್ಲಿ ಸಗಣಿ ಸಾರಿಸುವ ಗೌರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ. ಮಳೆ ಬಂದರೆ ಆ ನೀರು ಊರ ಕೆಳಗಿನ ಜೊಂಡು ಬೆಳೆದ ತಗ್ಗಿಗೆ ಹೋಗಿ ಇಂಗುತ್ತಿತ್ತು. ನಲವತ್ತು ವರ್ಷದಿಂದ ಹಾಗೇ. ಹೋದ ವರ್ಷ ಪಂಚಾಯಿತಿಯವರು ಆ ಕಾಲುವೆಗೂ ಕಾಂಕ್ರೀಟ್ ಹಾಕಿ ಚಪ್ಪಡಿ ಮುಚ್ಚಿದ್ದರು, ಅಷ್ಟೇ.

ಹದಿನಾಲ್ಕು ಹೆಂಗಸರ ಸಹಿ ಮತ್ತು ಹೆಬ್ಬೆಟ್ಟು ಹಾಕಿಸಿ ಇಬ್ಬರೂ ಪಂಚಾಯಿತಿಗೆ ಅರ್ಜಿ ಒಯ್ದರು. ಅಧ್ಯಕ್ಷೆ ಮಾದಮ್ಮ ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ತುದಿಗೆ ಕೂತಿದ್ದಳು. ಮಹಿಳಾ ಮೀಸಲಾತಿಯಲ್ಲಿ ಗೆದ್ದು ಎರಡು ವರ್ಷವಾಗಿದ್ದರೂ ಆ ಕುರ್ಚಿಯಲ್ಲಿ ಅವಳು ಒರಗಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಮಾತೆಲ್ಲ ಕಾರ್ಯದರ್ಶಿ ಗೋವಿಂದಯ್ಯನದೇ.

"ನೋಡಿ ತಾಯಿ," ಗೋವಿಂದಯ್ಯ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿದ. "ಇದು ಸಂತೆಮಾಳದ ಮಳೆನೀರಿನ ಮೋರಿ, ಹಳ್ಳಕ್ಕೆ ಹೋಗ್ತದೆ. ಇದು ಶೆಡ್ ಸಾಲಿಂದು, ತಗ್ಗಿಗೆ ಹೋಗ್ತದೆ. ನೀಲಿ ಗೆರೆ ಕಾಣ್ತದಲ್ಲ? ಎರಡೂ ಬೇರೆ ಬೇರೆ. ಹಳ್ಳಕ್ಕೆ ಬರೋದು ಬರೀ ಮಳೆ ನೀರು. ಮಳೆ ದೇವರದು. ದೇವರ ಮೇಲೆ ಅರ್ಜಿ ಬರೀತೀರಾ?"

"ದೇವರ ಮಳೇಲಿ ಎಣ್ಣೆ ಇರ್ತದಾ ಸ್ವಾಮಿ?" ಎಂದಳು ಗೌರಿ.

"ಸಂತೆ ದಿನ ಲಾರಿ ನಿಲ್ತವೆ. ಎಲ್ಲೋ ಒಂದಿಷ್ಟು ಸೋರ್ತದೆ. ಇಲ್ಲ ಅಂದ್ರೆ ಎಲ್ಲಿಂದ ಬರ್ತದೆ ಅಂತ ಪುರಾವೆ ತನ್ನಿ. ಬರೋ ಸೋಮವಾರದ ಮುಂದಿನ ಸೋಮವಾರ ಗ್ರಾಮಸಭೆ ಇದೆ, ಅಲ್ಲಿ ಮಾತಾಡಾಣ."

ವಾಜಿದಾ ನಕ್ಷೆಯನ್ನೇ ನೋಡುತ್ತಿದ್ದಳು. ಕಾಗದದ ಮೇಲೆ ನೀರು ಎಷ್ಟು ವಿಧೇಯವಾಗಿ ಹರಿಯುತ್ತದೆ! ಗಂಡನಿಗೆ ಹೇಳಿದಾಗ ಅವನೂ ಅದನ್ನೇ ಹೇಳಿದ. ಮನೆಯೊಳಗೆ ಅವರದು ಉರ್ದು ಮಾತು. "ನಮ್ಮ ನೀರು ತಗ್ಗಿಗೇ ಹೋಗೋದು, ವಾಜಿ. ಸಂತೆಯವರು ತಮ್ಮ ಕೊಳೆ ನಮ್ಮ ತಲೆಗೆ ಕಟ್ಟೋಕೆ ನೋಡ್ತಾರೆ. ಅಬ್ಬಾ ತೋಡಿದ ಕಾಲುವೆ ಅದು." ಅವನ ಮುಖದಲ್ಲಿದ್ದ ನೋವು ನಿಜವಾದದ್ದು. ಹಾಗಾಗಿ ಅವಳು ಇನ್ನೊಂದು ಕೆಲಸ ಮನಸ್ಸಿಗೆ ಹಚ್ಚಿಕೊಂಡಳು. ತನ್ನ ಬಟ್ಟೆಯ ಗೆರೆ ಎಲ್ಲಿಂದ ಬಂತು ಎನ್ನುವುದಕ್ಕಿಂತ ಮೊದಲು, ಅದು ತನ್ನ ಮನೆಯಿಂದ ಬಂದದ್ದಲ್ಲ ಎಂದು ತೋರಿಸಬೇಕು.

ನೀರಿನ ಜೊತೆ ನೇರಳೆ ಬೀಜವನ್ನು ಕಳಿಸಿದ ಹಾಗೆ, ಏನಾದರೂ ಕಳಿಸಿದರೆ?

"ಬಣ್ಣ ಬೇಕು ಗೌರಕ್ಕ. ನೀರ್ನಾಗೆ ಕಾಣೋ ಬಣ್ಣ. ದನ ಕುಡುದ್ರೂ ಏನೂ ಆಗ್ಬಾರ್ದು."

"ಅಯ್ಯೋ, ಮನೆ ತುಂಬ ಅದೆಯಲ್ಲ!" ಗೌರಿ ಕೈ ತಟ್ಟಿದಳು. "ಅರಿಶ್ನ ಪಾಲಿಶ್ ಮಾಡ್ಸಿದ್ ದೂಳು ಎರಡು ಮೂಟೆ ಕೊಟ್ಟಿಗೇಲಿ ಬಿದ್ದದೆ."

ಭರಣಿ ಮಳೆಯ ಕಾಲ. ಶನಿವಾರ ಮೂರು ಗಂಟೆಗೆ ಮೋಡ ಕವಿಯಿತು. ಶೆಡ್ ಸಾಲಿನ ಕೊನೆಯಲ್ಲಿ, ಅಂಗಳದ ನೀರು ಚಪ್ಪಡಿಯ ಕೆಳಗೆ ನುಗ್ಗುವ ತೂತಿನ ಹತ್ತಿರ ಇಬ್ಬರೂ ಒಂದೇ ಕೊಡೆಯಡಿ ನಿಂತರು. ಅದಕ್ಕೂ ಮೊದಲು ವಾಜಿದಾ ಹಳ್ಳದ ಮೋರಿಬಾಯಿಗೆ ಅಡ್ಡಲಾಗಿ ಎರಡು ಗೂಟ ನೆಟ್ಟು ಒಂದು ಬಿಳಿ ಬಟ್ಟೆ ಕಟ್ಟಿ ಬಂದಿದ್ದಳು, ಜೊಂಡುತಗ್ಗಿನಲ್ಲಿ ಇನ್ನೊಂದು. ಒಂದು ಬೊಗಸೆ ಸಾಕೆಂದು ಇಬ್ಬರೂ ಮಾತಾಡಿಕೊಂಡಿದ್ದರು. ನೀರು ಕಪ್ಪಗೆ ನುಗ್ಗತೊಡಗಿದಾಗ ಗೌರಿಗೆ ಏನನ್ನಿಸಿತೋ, ಮೂಟೆಯ ಬಾಯಿ ಬಿಚ್ಚಿ ಪೂರ್ತಿ ಕವುಚಿಬಿಟ್ಟಳು.

"ಗೌರಕ್ಕಾ!"

"ಓಗೋ ನೀರ್ಗೆ ಬೊಗಸೆ ಅರಿಶ್ನ ಹಾಕುದ್ರೆ ಯಾವ ಮೂಲೆಗೆ? ಬುಡು ಬುಡು, ಬಾ ತಗ್ಗಿಗೆ."

ನೀರು ಎಲ್ಲಿಗೆ ಬರುತ್ತದೆಂದು ಅವರಿಗೆ ಎಷ್ಟು ಖಾತ್ರಿ ಇತ್ತೆಂದರೆ ಇಬ್ಬರೂ ತಗ್ಗಿಗೇ ಓಡಿದರು. ಹಳ್ಳದ ಕಡೆ ಕಾಯಲು ಯಾರನ್ನೂ ನಿಲ್ಲಿಸಲಿಲ್ಲ. ಮಳೆ ಅರ್ಧ ಗಂಟೆ ಹೊಡೆದು ನಿಂತಿತು. ಜೊಂಡಿನ ಬುಡದಲ್ಲಿ ಕಪ್ಪೆ ಕೂಗಿದವು. ತಗ್ಗಿನ ನೀರು ಮಣ್ಣಿನ ಬಣ್ಣದ್ದು, ಬಟ್ಟೆಗೂ ಮಣ್ಣೇ. ಹಳದಿಯ ಒಂದು ಎಳೆಯೂ ಇಲ್ಲ. ವಾಜಿದಾ ಬಟ್ಟೆಯನ್ನು ತಿರುವಿ ಮತ್ತೊಮ್ಮೆ ನೋಡಿದಳು.

ಆಗ ಹಳ್ಳದ ಕಡೆಯಿಂದ ಕೂಗು ಕೇಳಿತು.

ಇಬ್ಬರೂ ಏದುಸಿರು ಬಿಡುತ್ತ ಹೋಗಿ ನೋಡಿದರೆ ಅರ್ಧ ಊರು ದಡದಲ್ಲಿತ್ತು. ಮಳೆ ನಿಂತ ಕೂಡಲೇ ನಾಲ್ಕು ಹೆಂಗಸರು ಒಗೆಯಲು ಕೂತಿದ್ದರು. ನೀರು ಕೊಂಚ ಹಳದಿಯೆಂದು ಯಾರಿಗೂ ಅನ್ನಿಸಲಿಲ್ಲ. ಹೊಸ ನೀರು ಕೆಂಬಣ್ಣವೇ ಇರುತ್ತದೆ. ಸೋಡಾ ಹಾಕಿದ ಬಟ್ಟೆ ಅದರಲ್ಲಿ ಅದ್ದಿದ್ದೇ ತಡ, ನೊರೆಯೆಲ್ಲ ಕೆಂಪು. ಅದ್ದಿದ ಕಡೆಯೆಲ್ಲ ಕುಂಕುಮ ಕಲಸಿದ ಹಾಗೆ ಕೆಂಪು. ಅರಿಶಿನಕ್ಕೆ ಸುಣ್ಣವೋ ಸೋಡಾವೋ ಬಿದ್ದರೆ ಏನಾಗುತ್ತದೆಂದು ಆ ದಡದಲ್ಲಿದ್ದ ಪ್ರತಿ ಹೆಂಗಸಿಗೂ ಗೊತ್ತು. ಪ್ರತಿ ಹಬ್ಬದಲ್ಲೂ ಓಕುಳಿ ಕಲಸಿದವರೇ. ಆದರೆ ತಟ್ಟೆಯಲ್ಲಿ ಗೊತ್ತಿರುವುದು ಹಳ್ಳದಲ್ಲಿ ಹೊಳೆಯಲಿಲ್ಲ.

ಎಂಬತ್ತು ದಾಟಿದ ಚಿಕ್ಕಮಲ್ಲಮ್ಮ ಕೋಲೂರಿಕೊಂಡು ನೀರಿನ ಅಂಚಿಗೆ ಬಂದು, ಕಣ್ಣು ಕಿರಿದು ಮಾಡಿ ನೋಡಿ, ತೀರ್ಪು ಕೊಟ್ಟಳು.

"ಏನೂ ಗಾಬ್ರಿ ಬೀಳ್ಬ್ಯಾಡಿ. ಗಂಗವ್ವ ಹೊರಗಾಗವ್ಳೆ. ನಮ್ಮಜ್ಜಿ ಹೇಳೋಳು, ಹಿಂಗಾಯ್ತದೆ ಅಂತ. ಮೂರು ದಿನ ಯಾರೂ ಮುಟ್ಬ್ಯಾಡಿ ಅವ್ಳ."

ಗೌರಿ ವಾಜಿದಾಳ ರಟ್ಟೆ ಹಿಡಿದು ಚಿವುಟಿದಳು. ಮಾತಾಡಬೇಡ ಎಂದು. ವಾಜಿದಾ ಮೋರಿಬಾಯಿಯ ಬಟ್ಟೆ ನೋಡಿದಳು. ಬಟ್ಟೆ ಹಳದಿ. ಹಳದಿಯ ನಡುವೆ ಆ ಕಪ್ಪು ಗೆರೆ.

ಹಾಗಾದರೆ ಅದು ತನ್ನ ಮನೆಯದೇ.

ಮೂರು ದಿನ ಕಲ್ಲಹಳ್ಳಕ್ಕೆ ಯಾರೂ ಇಳಿಯಲಿಲ್ಲ. ದಡದ ಹೊಂಗೆಮರಕ್ಕೆ ಬೇವಿನ ಸೊಪ್ಪು ಕಟ್ಟಿದರು. ಚಿಕ್ಕಮಲ್ಲಮ್ಮ ಕಾವಲು ಕೂತಳು. ಎಣ್ಣೆಯ ಅರ್ಜಿ ಕೊಟ್ಟಾಗ ಕುರ್ಚಿಯಿಂದ ಏಳದ ಗೋವಿಂದಯ್ಯ, ಈಗ ಪಂಚಾಯಿತಿ ಸದಸ್ಯರನ್ನೆಲ್ಲ ಕಟ್ಟಿಕೊಂಡು ಬಂದು, ಚಪ್ಪಲಿ ದೂರದಲ್ಲೇ ಬಿಟ್ಟು, ತೆಂಗಿನಕಾಯಿ ಒಡೆದು ಹೋದ. ವಾಜಿದಾಳಿಗೆ ನಗು ಬರುತ್ತಿತ್ತು, ಅದರ ಬೆನ್ನಿಗೇ ಭಯ. ದೇವರ ಹೆಸರು ಸೇರಿಬಿಟ್ಟಿದೆ. ಮಾಡಿದವಳು ಸಾಬರ ಹೆಂಗಸು ಎಂದು ತಿಳಿದರೆ?

ಆದರೂ ಬೆಳಿಗ್ಗೆ ಎದ್ದು ಹಿತ್ತಲ ಬೇಲಿಯಾಚೆ ನೋಡಿದಾಗ, ಯಾರೂ ಇಲ್ಲದ ಒಗೆಯುವ ಕಲ್ಲುಗಳು, ತಾನಾಗಿ ಹರಿಯುವ ನೀರು ಅವಳಿಗೆ ಹಿಡಿಸಿತು. ಎಷ್ಟು ತಲೆಮಾರಿನ ಕೊಳೆ ತೊಳೆದಿದೆ ಇದು, ಒಂದು ದಿನ ರಜೆ ಇಲ್ಲದೆ. ಹುಡುಗಿಯಾಗಿದ್ದಾಗ ತಿಂಗಳಿಗೆ ನಾಲ್ಕು ದಿನ ನಮಾಜಿನಿಂದ ಬಿಡುವು ಸಿಕ್ಕಾಗ ತಾನು ಮಾಳಿಗೆಯ ಮೇಲೆ ಸುಮ್ಮನೆ ಮಲಗಿ ಮೋಡ ನೋಡುತ್ತಿದ್ದದ್ದು ನೆನಪಾಯಿತು. ಚಿಕ್ಕಮಲ್ಲಮ್ಮ ಹೇಳಿದ್ದು ಸುಳ್ಳೇ ಇರಬಹುದು, ಆದರೆ ತಪ್ಪಲ್ಲ ಅನ್ನಿಸಿತು.

ಸೋಮವಾರ ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಎಲ್ಲವನ್ನೂ. ಹಬೀಬುಲ್ಲಾ ತುತ್ತು ಕೈಯಲ್ಲೇ ಹಿಡಿದು ಕೇಳಿದ.

"ಸಾಧ್ಯವಿಲ್ಲ."

"ಬಟ್ಟೆ ಕಣ್ಣಾರೆ ನೋಡಿದೀನಿ."

"ಸಭೆಯಲ್ಲಿ ಹೇಳ್ತೀಯಾ?"

ಅವಳು ಅವನ ತಟ್ಟೆಗೆ ಸಾರು ಬಡಿಸಿದಳು.

"ನಿನ್ನ ನಾಲ್ಕು ಬಟ್ಟೆ ಬೆಳ್ಳಗಿರಲಿ ಅಂತ ಏಳು ಮನೆಯ ಮುಖಕ್ಕೆ ಮಸಿ ಬಳೀತೀಯಾ ವಾಜಿ? ಅಬ್ಬಾನ ಹೆಸರಿಗೆ?"

ಮಾತು ನಾಟಿತು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಗಂಗವ್ವನ ಹೆಸರಲ್ಲಿ ಎಲ್ಲ ಮುಗಿಯುತ್ತದೆ. ಹೇಳಿದರೆ ಈ ಮನೆಯ ಅನ್ನ ಕೊಡುವ ಶೆಡ್ಡಿನ ಮೇಲೆ ತಾನೇ ಬೆರಳು ತೋರಿಸಿದ ಹಾಗೆ. ಆಮೇಲೆ ಈ ತಟ್ಟೆಯ ಎದುರು ಹೇಗೆ ಕೂರುವುದು? ಆದರೂ ಹೇಳಿದಳು, "ಬಟ್ಟೆ ಬೇಕಾದರೆ ಮನೆಯ ನಲ್ಲಿಯಲ್ಲೇ ಒಗೀತೀನಿ. ಆದರೆ ನೀರು ಎಲ್ಲಿಗೆ ಹೋಗ್ತದೆ ಅಂತ ನನಗೆ ಗೊತ್ತಾಗಿಹೋಯ್ತಲ್ಲ, ಜೀ. ಗೊತ್ತಾದ್ದನ್ನ ಗೊತ್ತಿಲ್ಲ ಅಂತ ಹೇಗೆ ಮಾಡಿಕೊಳ್ಳಲಿ?"

ಅವನು ಕೈ ತೊಳೆದು ಎದ್ದುಹೋದ.

ಮೋರಿಬಾಯಿಯಿಂದ ತಂದ ಪುರಾವೆಯ ಬಟ್ಟೆಯನ್ನು ವಾಜಿದಾ ಭದ್ರವಾಗಿ ಇಡಬೇಕಿತ್ತು. ಆದರೆ ಒದ್ದೆ ಬಟ್ಟೆ ಮಡಚಿಟ್ಟರೆ ಮುಗ್ಗಲು ಹಿಡಿಯುತ್ತದೆ ಎನ್ನುವುದು ಹದಿನಾಲ್ಕು ವರ್ಷದ ಅಭ್ಯಾಸ. ಹಿಂದೆಮುಂದೆ ನೋಡದೆ ಹಗ್ಗದ ಮೇಲೆ ಹಾಕಿದ್ದಳು. ಮಳೆ ಮತ್ತೆ ಬರಲಿಲ್ಲ. ಒಂಬತ್ತು ದಿನ ಕಡು ಬೇಸಿಗೆಯ ಬಿಸಿಲು. ಗ್ರಾಮಸಭೆಯ ಬೆಳಿಗ್ಗೆ ಅವಸರದಲ್ಲಿ ಎಳೆದು, ಮಡಚಿ, ಕಂಕುಳಲ್ಲಿಟ್ಟುಕೊಂಡು ಹೋದಳು.

ಸಭೆ ಶಾಲೆಯ ಅಂಗಳದಲ್ಲಿ. ಗಂಡಸರು ಬೆಂಚಿನ ಮೇಲೆ, ಹೆಂಗಸರು ಹೊಂಗೆಯ ನೆರಳಲ್ಲಿ. ಬೀದಿದೀಪ, ಪಡಿತರ ಚೀಟಿ ಎಲ್ಲ ಮುಗಿದ ಮೇಲೆ ವಾಜಿದಾ ಎದ್ದು ನಿಂತಳು. ಹಿಂದಿನ ಸಾಲಿನಲ್ಲಿ, ಕೈ ಕಟ್ಟಿಕೊಂಡು ನಿಂತ ಗಂಡ ಕಂಡ.

"ಹಳ್ಳಕ್ಕೆ ಬರೋ ಎಣ್ಣೆ ಶೆಡ್ ಸಾಲಿಂದು. ಮೊದಲನೇ ಶೆಡ್ಡು ನಮ್ಮದು. ನಾವು ಅರಿಶಿನ ಹಾಕಿ ನೋಡಿದ್ವಿ. ಅವತ್ತು ನೀರು ಕೆಂಪಾಗಿದ್ದು ಅದಕ್ಕೇನೆ. ಪುರಾವೆ ತಂದಿದೀನಿ."

ಬಟ್ಟೆಯನ್ನು ಕೊಡವಿ ಬಿಚ್ಚಿದಳು. ಸಭೆ ನೋಡಿತು. ಅವಳೂ ನೋಡಿದಳು. ಬಟ್ಟೆ ಬೆಳ್ಳಗಿತ್ತು. ಹಳದಿಯ ನೆರಳೂ ಇಲ್ಲ. ಒಂದೇ ಒಂದು ಕಪ್ಪು ಗೆರೆ.

ಅರಿಶಿನ ಬಿಸಿಲಿಗೆ ಹಾರಿಹೋಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಎಷ್ಟು ಮದುವೆಯ ಸಾರಿನ ಕಲೆಯನ್ನು ಅವಳು ಹೀಗೇ ಬಿಸಿಲಿಗೆ ಕೊಟ್ಟು ತೆಗೆದಿದ್ದಳು!

"ಅಮ್ಮಾ, ಇದು ಬಿಳಿ ಬಟ್ಟೆ," ಎಂದ ಗೋವಿಂದಯ್ಯ, ಮೆಲ್ಲಗೆ. ಬೆಂಚುಗಳು ಗೊಳ್ಳೆಂದವು. "ಬೂಬಮ್ಮ ಸೋಪಿನ ಜಾಹೀರಾತಿಗೆ ಬಂದವ್ರೆ ಕಣ್ಲಾ!" ಎಂದ ಒಬ್ಬ.

ಚಿಕ್ಕಮಲ್ಲಮ್ಮನಿಗೆ ನಗು ಬರಲಿಲ್ಲ. ಕೋಲು ಕುಟ್ಟಿದಳು. "ನಮ್ಮ ಗಂಗವ್ವ ಮೂರು ದಿನ ಕೂತಿದ್ದು ಸುಳ್ಳಾ ಅಂಗಾರೆ? ಅರಿಶ್ನ ಅಂತೀಯಾ? ಯಾರ್ ಹಾಕ್ದೋರು?"

ಬೆಂಚುಗಳ ನಗು ನಿಂತು, ಎಲ್ಲರೂ ಅವಳ ಕಡೆ ತಿರುಗಿದರು. ವಾಜಿದಾ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ಸೀರೆ ಸರಪರ ಎಂದಿತು.

"ಹಾಕ್ದೋಳು ನಾನು ಕಣತ್ತೆ," ಎಂದಳು ಗೌರಿ. "ಮೂಟೆ ನಮ್ಮನೇದು. ಅವ್ಳು ಬೊಗಸೆ ಅಂದ್ಲು, ನಾನು ಮೂಟೆ ಕವುಚ್ಬುಟ್ಟೆ. ಬಯ್ಯದಾದ್ರೆ ನನ್ನ ಬಯ್ಯಿ."

ಚಿಕ್ಕಮಲ್ಲಮ್ಮ ಇಬ್ಬರ ಮುಖವನ್ನೂ ಒಂದಾದ ಮೇಲೊಂದರಂತೆ ನೋಡಿದಳು. ಏನು ಕಂಡಳೋ, ಬೊಚ್ಚುಬಾಯಿ ನಿಧಾನವಾಗಿ ಬಿರಿಯಿತು. "ಥೂ ನಿಮ್ಮ! ಹೆಣ್ಮಗಳಿಗೆ ಅರಿಶ್ನ ಹಾಕ್ದೋರು ಮೈಗೆ ನೀರೂ ಹುಯ್ಬೇಕು ತಾನೆ? ಹುಯ್ದು ತೋರ್ಸಿ, ನಾನೂ ನೋಡ್ತೀನಿ."

"ನಾನು ಹುಯ್ತೀನಿ."

ಹಿಂದಿನಿಂದ ಬಂದ ದನಿ ಹಬೀಬುಲ್ಲಾನದು. ಮುಖ ಬಿಗಿದಿತ್ತು. "ನಮ್ಮ ಶೆಡ್ಡಲ್ಲಿ ಲಾರಿ ತೊಳೆಯೋ ಪೈಪದೆ. ಅರಿಶಿನ ತನ್ನಿ. ಎಲ್ಲರ ಎದುರಿಗೇ ಬಿಡ್ತೀನಿ. ತಗ್ಗಿಗೇ ಓಯ್ತದೆ, ನೋಡ್ಕಳಿ."

ಅವನು ಬಂದದ್ದು ತನ್ನನ್ನು ಸುಳ್ಳು ಮಾಡಲು ಎಂದು ವಾಜಿದಾಳಿಗೆ ತಿಳಿಯಿತು. ಬೇಸರವಾಗಬೇಕಿತ್ತು. ಆದರೆ ಸಭೆಯೆಲ್ಲ ಶೆಡ್ ಸಾಲಿಗೆ ಬಂದ ಮೇಲೆ, ಪೈಪು ಹಿಡಿದು, ಗೌರಿ ಓಡಿಹೋಗಿ ತಂದ ಎರಡನೇ ಮೂಟೆಯನ್ನು ತಾನೇ ತೂತಿಗೆ ಸುರಿಯುವಾಗ ಅವನ ಮುಖದಲ್ಲಿದ್ದ ಭಾವ ಅವಳಿಗೆ ಗೊತ್ತಿತ್ತು. ಬಚ್ಚಲಿಗೆ ನೇರಳೆ ಬೀಜ ಬಿಟ್ಟವಳ ಮುಖ ಅದು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ, ತಾನು ಕೇಳಿದ ಪ್ರಶ್ನೆಯನ್ನೇ ಅವನೂ ಕೇಳುತ್ತಿದ್ದ.

ಪೈಪನ್ನು ಹರಿಯಲು ಬಿಟ್ಟು ಹಬೀಬುಲ್ಲಾ ತಗ್ಗಿನ ಕಡೆ ನಡೆದ. ಅವನ ಹಿಂದೆ ಗಂಡಸರು. ಹೆಂಗಸರು ಹಳ್ಳಕ್ಕೆ ಹೋದರು, ಅವರ ಜೊತೆಗೆ ಗೋವಿಂದಯ್ಯನೂ. ಹತ್ತು ನಿಮಿಷ ಮೋರಿಬಾಯಿ ಒಣಗಿಯೇ ಇತ್ತು. ಆಮೇಲೆ ಒಳಗೆಲ್ಲೋ ಗುಳುಗುಳು ಸದ್ದು. ಕಪ್ಪು ಕೊಳೆಯ ಒಂದು ಉಂಡೆ ಬಿತ್ತು. ಅದರ ಹಿಂದೆ, ಮೆಲ್ಲಗೆ, ನಾಚಿಕೊಂಡ ಹಾಗೆ ಹಳದಿ.

ಅಧ್ಯಕ್ಷೆ ಮಾದಮ್ಮ ಸೆರಗು ಸಿಕ್ಕಿಸಿ ನೀರಿಗಿಳಿದು, ಬೊಗಸೆಯಲ್ಲಿ ಆ ನೀರು ಹಿಡಿದು ತಂದಳು. ಚಿಕ್ಕಮಲ್ಲಮ್ಮ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಡಬ್ಬಿಯಿಂದ ಒಂದು ಉಗುರು ಸುಣ್ಣ ತೆಗೆದು ಬೊಗಸೆಗೆ ಹಾಕಿ ಬೆರಳಾಡಿಸಿದಳು. ಮಾದಮ್ಮನ ಅಂಗೈ ತುಂಬ ಕೆಂಪು ಹರಡಿತು.

"ಓಕುಳಿ ಕಣವ್ವ!" ಎಂದಳು ಮುದುಕಿ. "ಎಂಬತ್ತು ವರ್ಸ ಓಕುಳಿ ಕಲಸ್ದೋಳು ನಾನು, ನಂಗೇ ಹೊಳೀನಿಲ್ಲವಲ್ಲ!" ಎಂದು ಹಣೆ ಚಚ್ಚಿಕೊಂಡು ನಗತೊಡಗಿದಳು.

ತಗ್ಗಿನಿಂದ ಗಂಡಸರು ಬಂದರು. ಅಲ್ಲಿ ಏನೂ ಬಂದಿರಲಿಲ್ಲ. ಹಬೀಬುಲ್ಲಾ ಮೋರಿಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಎದ್ದಾಗ ಮುಖ ಸಣ್ಣದಾಗಿತ್ತು.

"ಎಣ್ಣೆ ನಮ್ಮದೇ," ಎಂದ, ಎಲ್ಲರಿಗೂ ಕೇಳುವ ಹಾಗೆ. ಅಬ್ಬಾನ ಹೆಸರನ್ನು ಅವನು ಎತ್ತಲಿಲ್ಲ. ಆಮೇಲೆ ಗೋವಿಂದಯ್ಯನ ಕಡೆ ತಿರುಗಿದ. "ಆದ್ರೆ ಇಲ್ಲಿಗೆ ದಾರಿ ಮಾಡಿದ್ದು ನಾವಲ್ಲ. ನಿಮ್ಮ ನೀಲಿ ಗೆರೆ ಎಲ್ಲಿಗೋಯ್ತು ಸ್ವಾಮಿ?"

ಗೋವಿಂದಯ್ಯ ಬೆವರು ಒರೆಸಿಕೊಂಡ. ಗುತ್ತಿಗೆದಾರ ಅಗೆತ ಉಳಿಸಲು ಎರಡು ಮೋರಿಯನ್ನೂ ಚಪ್ಪಡಿಯ ಕೆಳಗೆ ಒಂದಕ್ಕೊಂದು ಸೇರಿಸಿಬಿಟ್ಟಿರಬಹುದು, ಮೇಲಿನಿಂದ ನೋಡಿದರೆ ಕಾಣುವುದಿಲ್ಲ, ಪರಿಶೀಲಿಸಬೇಕಾಗುತ್ತದೆ ಎಂದೆಲ್ಲ ಶುರುಮಾಡಿದ. ಮಾದಮ್ಮ ಇನ್ನೂ ಕೆಂಪು ಬೊಗಸೆ ಹಿಡಿದೇ ನಿಂತಿದ್ದಳು.

"ಬುಕ್ಕು ತಕಂಬನ್ನಿ," ಎಂದಳು.

"ಅಮ್ಮಾ?"

"ನಡಾವಳಿ ಬುಕ್ಕು. ಮೋರಿ ಬೇರೆ ಮಾಡ್ಬೇಕು, ತಗ್ಗಿಗೆ ತಿರುಗಿಸ್ಬೇಕು, ಬಾಯಿಗೊಂದು ಕೊಳೆ ನಿಲ್ಲೋ ಗುಂಡಿ ತೋಡ್ಬೇಕು ಅಂತ ಬರೀರಿ. ನಾನು ಸಹಿ ಹಾಕ್ತೀನಿ." ಅವಳ ದನಿಯನ್ನು ಊರಿನ ಮುಕ್ಕಾಲು ಪಾಲು ಜನ ಕೇಳಿದ್ದು ಅದೇ ಮೊದಲು. ಸಹಿ ಹಾಕಿದಾಗ ಪುಟದ ಮೇಲೆ ಕೆಂಪು ಹೆಬ್ಬೆರಳ ಗುರುತೂ ಬಿತ್ತು.

ನಡಾವಳಿಯಲ್ಲಿ ಹದಿನೈದು ದಿನ ಎಂದು ಬರೆದಿತ್ತು. ಹದಿನೈದು ಹೋಗಿ ಮೂವತ್ತಾಯಿತು. ಪ್ರತಿ ಸೋಮವಾರ ವಾಜಿದಾ ಮತ್ತು ಗೌರಿ ಕಚೇರಿಗೆ ಹೋಗಿ, ಆ ವಾರದ ಮಳೆಗೆ ಗೆರೆ ಬಿದ್ದ ಒಂದು ಬಿಳಿ ಬಟ್ಟೆಯನ್ನು ಗೋವಿಂದಯ್ಯನ ಮೇಜಿನ ಮೇಲೆ ಹಾಸಿ, ಅಂಚು ಸರಿಮಾಡಿ, ಮಾತಾಡದೆ ಬರುತ್ತಿದ್ದರು. ಅವನು ಅದರ ಮೇಲೇ ಫೈಲು ಇಟ್ಟುಕೊಂಡು ಕೆಲಸ ಮಾಡಬೇಕಿತ್ತು, ಬಂದವರೆಲ್ಲ "ಏನ್ ಸಾರ್, ಆಫೀಸಲ್ಲಿ ಮದ್ವೆನಾ?" ಎಂದು ಕೇಳುತ್ತಿದ್ದರು. ಏಳನೆಯ ಬಟ್ಟೆಗೆ ಚಪ್ಪಡಿ ಒಡೆಯಲು ಜನ ಬಂದರು. ಒಡೆದು ನೋಡಿದರೆ ಗೋವಿಂದಯ್ಯ ಊಹಿಸಿದ್ದೇ ನಿಜ. ಎರಡು ಮೋರಿಯೂ ಒಂದರ ತೋಳನ್ನು ಒಂದು ಹಿಡಿದು ನಿಂತಿದ್ದವು.

ಮೋರಿ ತಗ್ಗಿಗೆ ತಿರುಗಿದ ವಾರದ ಗುರುವಾರ ಸಂಜೆ ವಾಜಿದಾ ಶೆಡ್ಡಿಗೆ ಟೀ ಒಯ್ದಳು. ಬೆಳಿಗ್ಗೆ ಮಳೆಯಾಗಿತ್ತು, ಮಧ್ಯಾಹ್ನ ಒಗೆದ ಬಟ್ಟೆ ಹಿತ್ತಲಲ್ಲಿ ಒಣಗುತ್ತಿತ್ತು, ಗೆರೆ ಇಲ್ಲದೆ. ಅಂಗಳ ಗುಡಿಸಿಯಾಗಿತ್ತು. ಹಬೀಬುಲ್ಲಾ ಕರಿ ಎಣ್ಣೆಯ ಡಬ್ಬ ಕೈಯಲ್ಲಿ ಹಿಡಿದು ನಿಂತಿದ್ದ. ಆ ಸೋಮವಾರದ ಊಟದ ನಂತರ ಅವರಿಬ್ಬರ ನಡುವೆ ಅಷ್ಟಾಗಿ ಮಾತಿರಲಿಲ್ಲ.

"ಈಗ ತಗ್ಗಿಗೇ ಹೋಗ್ತದಲ್ಲ," ಎಂದ ಅವನು, ಕೇಳಿದನೋ ಹೇಳಿದನೋ.

"ಹೂಂ." ವಾಜಿದಾ ಲೋಟ ಕೊಟ್ಟು, ದೂರದ ಜೊಂಡಿನ ಕಡೆ ನೋಡಿದಳು. ಗಾಳಿಗೆ ಜೊಂಡು ಒಟ್ಟಿಗೆ ಬಾಗಿ ಏಳುತ್ತಿತ್ತು. "ತಗ್ಗಿನಿಂದ ಎಲ್ಲಿಗೆ ಹೋಗ್ತದೆ?"

"ಎಲ್ಲಿಗೂ ಇಲ್ಲ. ಇಂಗ್ತದೆ."

"ಇಂಗಿ?"

ಹಬೀಬುಲ್ಲಾ ಅವಳ ಮುಖ ನೋಡಿದ. ಶೆಡ್ಡಿನ ಹಿಂದಿನ ಅವನದೇ ಕೊಳವೆಬಾವಿ, ತಗ್ಗಿನ ಆಚೆ ಗೌರಿಯ ಮನೆಯ ಬಾವಿ, ಎರಡನ್ನೂ ಒಂದು ಸುತ್ತು ನೋಡಿದ. ಆಮೇಲೆ ಡಬ್ಬವನ್ನು ಕೆಳಗಿಟ್ಟು, ಹುಡುಕಿ ಅದರ ಮುಚ್ಚಳ ತಂದು ಹಾಕಿ, ಅಂಗೈಯಿಂದ ಒತ್ತಿದ.

"ನಿಮ್ಮಮ್ಮ ಸುಮ್ಮನೆ ಹೊಡೆದಿರಲಿಲ್ಲ ನಿನ್ನ," ಎಂದ.

ಧೂಳು ಆ ಗುರುವಾರ ಕೂರಲಿಲ್ಲ. ಲಾರಿಯೊಂದು ಹೋದ ಗಾಳಿಗೆ ಎದ್ದು ಇಬ್ಬರ ಟೀಗೂ ಬಿತ್ತು. ವಾಜಿದಾ ಸೆರಗಿನಿಂದ ಲೋಟ ಮುಚ್ಚಿಕೊಂಡು, ಆ ಡಬ್ಬವನ್ನು ಇನ್ನು ಎಲ್ಲಿಗೆ ಕಳಿಸುವುದೆಂದು ಯೋಚಿಸತೊಡಗಿದಳು.